ಗಂಡ ಅಥವಾ ಹೆಂಡತಿ ಯುರೋಪಿನ ಪ್ರಜೆಯಾಗಿದ್ದರೆ ಷೆಂಗೆನ್ ವೀಸಾಗೆ ಅರ್ಜಿ ಹಾಕುವುದು ಹೇಗೆ?

ನಿಮ್ಮದು ಭಾರತದ ಪಾಸ್‌ಪೋರ್ಟ್, ನಿಮ್ಮ ಗಂಡನದ್ದೋ ಹೆಂಡತಿಯದ್ದೋ ಯುರೋಪಿನ ಪಾಸ್‌ಪೋರ್ಟ್. ಇಬ್ಬರೂ ಸೇರಿ ಪ್ಯಾರಿಸ್, ರೋಮ್ ಅಂತ ಒಂದೆರಡು ವಾರ ಸುತ್ತಿ ಬರುವ ಯೋಚನೆ ಇದೆ. ಅದಕ್ಕೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಲು ಬಿಡುವ ವೀಸಾ. ಹಾಗಿದ್ದರೆ ನೀವು ಎಲ್ಲರಂತೆ ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ, ಹೋಟೆಲ್ ಬುಕಿಂಗ್, ಇನ್ಶೂರೆನ್ಸ್ ಎಲ್ಲವನ್ನೂ ಹೊತ್ತುಕೊಂಡು ಹೋಗಿ 90 ಯೂರೋ ಶುಲ್ಕ ಕಟ್ಟಬೇಕಾಗಿಲ್ಲ. ನಿಮಗೆ ಬೇರೆಯೇ ದಾರಿ ಇದೆ, ಅದು ಕಾನೂನು ಕೊಟ್ಟಿರುವ ಹಕ್ಕು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಕೌಂಟರಿನಲ್ಲಿ ಕೂತವರೂ ಎಷ್ಟೋ ಸಲ ಹೇಳುವುದಿಲ್ಲ.

ಆ ಕಾನೂನಿನ ಹೆಸರು ಡೈರೆಕ್ಟಿವ್ 2004/38/ಇಸಿ. ಯುರೋಪಿಯನ್ ಒಕ್ಕೂಟದ ಪ್ರಜೆಗಳು ಮತ್ತು ಅವರ ಕುಟುಂಬದವರು ಒಕ್ಕೂಟದೊಳಗೆ ಸ್ವತಂತ್ರವಾಗಿ ಓಡಾಡುವ ಹಕ್ಕಿನ ಬಗ್ಗೆ 2004ರಲ್ಲಿ ಮಾಡಿದ್ದು. ಇದರ 5ನೇ ವಿಧಿಯ 2ನೇ ಭಾಗವನ್ನು ನೆನಪಿಟ್ಟುಕೊಳ್ಳಿ. ಕುಟುಂಬದವರಿಗೆ ವೀಸಾ ಉಚಿತವಾಗಿ ಕೊಡಬೇಕು, ಆದಷ್ಟು ಬೇಗ ಕೊಡಬೇಕು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಗಂಡ, ಹೆಂಡತಿ, 21 ವರ್ಷದೊಳಗಿನ ಮಕ್ಕಳು, ನಿಮ್ಮ ಆಶ್ರಯದಲ್ಲಿರುವ ಅಪ್ಪ–ಅಮ್ಮ, ಅತ್ತೆ–ಮಾವ ಕೂಡ ಇದರೊಳಗೆ ಬರುತ್ತಾರೆ.

ಮೊದಲು ನೀವು ಇದರೊಳಗೆ ಬರುತ್ತೀರಾ ನೋಡಿಕೊಳ್ಳಿ. ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲೇ.

ನಿಮ್ಮ ಸಂಗಾತಿ ಒಕ್ಕೂಟದ 27 ದೇಶಗಳಲ್ಲಿ ಒಂದರ, ಇಲ್ಲವೇ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್, ಸ್ವಿಟ್ಜರ್ಲೆಂಡ್‌ನ ಪ್ರಜೆ ಆಗಿರಬೇಕು. ಪ್ರಜೆಯೇ ಆಗಿರಬೇಕು, ಪಿಆರ್ (ಕಾಯಂ ವಾಸದ ಪರವಾನಗಿ) ಅಥವಾ ಬ್ಲೂ ಕಾರ್ಡ್ (ಅಲ್ಲಿ ಕೆಲಸ ಮಾಡುವ ವಿದೇಶಿಯರಿಗೆ ಕೊಡುವ ಪರವಾನಗಿ) ಇದ್ದರೆ ಸಾಲದು. ಹುಟ್ಟಿದ್ದು ಎಲ್ಲಿ ಅನ್ನುವುದು ಮುಖ್ಯವಲ್ಲ. ಹಾಸನದಲ್ಲಿ ಹುಟ್ಟಿ, ಮ್ಯೂನಿಕ್‌ನಲ್ಲಿ ಕೆಲಸ ಮಾಡಿ, ಜರ್ಮನಿಯ ಪೌರತ್ವ ತಗೊಂಡು, ಈಗ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಹಿಡಿದು ಬೆಂಗಳೂರಿಗೆ ವಾಪಸ್ ಬಂದವರಿದ್ದಾರಲ್ಲ, ಅವರ ಹೆಂಡತಿಯ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟೇ ಇದ್ದರೆ ಆಕೆಗೂ ಈ ಹಕ್ಕು ಇದೆ. ಬ್ರಿಟನ್ ಪಾಸ್‌ಪೋರ್ಟಿನ ಮಾತು ಬೇರೆ. ಬ್ರಿಟನ್ ಒಕ್ಕೂಟ ಬಿಟ್ಟು ಹೊರಬಂದ ಬ್ರೆಕ್ಸಿಟ್‌ನ ಸಂಕ್ರಮಣ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಆವತ್ತಿನಿಂದ ಬ್ರಿಟಿಷ್ ಪ್ರಜೆಯನ್ನು ಮದುವೆಯಾದವರು ಸಾಮಾನ್ಯವಾಗಿ ಟೂರಿಸ್ಟ್ ವೀಸಾದ ಸಾಲಿಗೇ ಹೋಗಬೇಕು.

ಎರಡನೆಯದು, ಸಂಗಾತಿ ನಿಮ್ಮ ಜೊತೆಗೇ ಪ್ರಯಾಣ ಮಾಡಬೇಕು, ಇಲ್ಲವೇ ಅವರು ಆಗಲೇ ಅಲ್ಲಿದ್ದು ನೀವು ಹೋಗಿ ಸೇರಿಕೊಳ್ಳುತ್ತಿರಬೇಕು. ನೀವೊಬ್ಬರೇ ಗೆಳತಿಯರ ಜೊತೆ ಆಮ್‌ಸ್ಟರ್‌ಡ್ಯಾಮ್ ನೋಡೋಕೆ ಹೊರಟರೆ ಈ ಹಕ್ಕು ಅನ್ವಯಿಸುವುದಿಲ್ಲ.

ಮೂರನೆಯದನ್ನೇ ಜನ ಜಾಸ್ತಿ ಮರೆಯುವುದು. ಹೋಗುವ ದೇಶ ಸಂಗಾತಿಯ ಸ್ವಂತ ದೇಶ ಆಗಿರಬಾರದು. ಗಂಡ ಜರ್ಮನ್ ಪ್ರಜೆ ಅಂದುಕೊಳ್ಳಿ. ಇಬ್ಬರೂ ಬೆಂಗಳೂರಿನಿಂದ ಇಟಲಿಗೆ ಹೋದರೆ ಡೈರೆಕ್ಟಿವ್ ಅನ್ವಯಿಸುತ್ತದೆ. ಅತ್ತೆ–ಮಾವನನ್ನು ನೋಡೋಕೆ ಜರ್ಮನಿಗೆ ಹೋದರೆ ಅನ್ವಯಿಸುವುದಿಲ್ಲ, ಆಗ ಜರ್ಮನಿಯ ಸ್ವಂತ ನಿಯಮ ನಡೆಯುತ್ತದೆ. ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಕಾನೂನು ಹುಟ್ಟಿದ್ದೇ ಪ್ರಜೆ ತನ್ನ ದೇಶ ಬಿಟ್ಟು ಇನ್ನೊಂದು ಸದಸ್ಯ ದೇಶಕ್ಕೆ ಹೋಗುವಾಗ ಅಡ್ಡಿಯಾಗಬಾರದು ಅಂತ. ಸ್ವಂತ ದೇಶಕ್ಕೆ ಹೋಗುವಾಗಲೂ ಕೆಲವು ದೇಶಗಳು ತಮ್ಮ ಪ್ರಜೆಯ ಸಂಗಾತಿಗೆ ಶುಲ್ಕ ಬಿಡುತ್ತವೆ, ಜರ್ಮನಿಯೂ ಬಿಡುತ್ತದೆ. ಹಾಗಾಗಿ ಕೇಳಿ ನೋಡಿ. ದಾಖಲೆಗಳನ್ನು ಮಾತ್ರ ಅವರ ಪಟ್ಟಿಯ ಪ್ರಕಾರವೇ ಕೊಡಬೇಕಾಗುತ್ತದೆ.

ನೀವಾಗಲೇ ಯುರೋಪಿನಲ್ಲಿ ವಾಸವಾಗಿದ್ದರೆ ವೀಸಾನೇ ಬೇಡದಿರಬಹುದು. ಒಕ್ಕೂಟದ ಪ್ರಜೆಯ ಕುಟುಂಬ ಸದಸ್ಯರಿಗೆ ಅಂತಲೇ ಕೊಡುವ ವಾಸ್ತವ್ಯ ಕಾರ್ಡ್ ಒಂದಿದೆ, ಇದೇ ಡೈರೆಕ್ಟಿವ್‌ನ 10ನೇ ವಿಧಿಯ ಪ್ರಕಾರ ಬರುವುದು. ಐರಿಷ್ ಗಂಡನ ಜೊತೆ ನೆದರ್ಲೆಂಡ್ಸ್‌ನಲ್ಲಿರುವ ಹೆಂಡತಿಗೆ ಈ ಕಾರ್ಡ್ ಸಿಗುತ್ತದೆ. ಅದಿದ್ದರೆ ಗಂಡನ ಜೊತೆ ಉಳಿದ ಸದಸ್ಯ ದೇಶಗಳಿಗೆ ವೀಸಾ ಇಲ್ಲದೇ ಹೋಗಬಹುದು. ಅಮೆರಿಕದ ಗ್ರೀನ್ ಕಾರ್ಡ್‌ಗಾಗಲೀ ಲಂಡನ್ನಿನ ವಾಸ್ತವ್ಯಕ್ಕಾಗಲೀ ಈ ಬಲ ಇಲ್ಲ. ಅಲ್ಲಿರುವವರು ವೀಸಾ ತಗೊಳ್ಳಲೇಬೇಕು, ಆದರೆ ಈ ಉಚಿತ ದಾರಿಯಲ್ಲೇ ತಗೊಳ್ಳಬಹುದು.

ಇನ್ನು ದಾಖಲೆಗಳು. ಮುಖ್ಯವಾಗಿ ತೋರಿಸಬೇಕಾದದ್ದು ಮೂರೇ ಸಂಗತಿ: ಸಂಗಾತಿ ಯುರೋಪಿನ ಪ್ರಜೆ, ನೀವು ಅವರನ್ನು ಮದುವೆಯಾಗಿದ್ದೀರಿ, ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೀರಿ ಅಥವಾ ಅಲ್ಲಿ ಸೇರುತ್ತಿದ್ದೀರಿ. ಸಂಗಾತಿಯ ಪಾಸ್‌ಪೋರ್ಟ್ ಪ್ರತಿ, ಮದುವೆ ಪ್ರಮಾಣಪತ್ರ, ಇಬ್ಬರ ಹೆಸರೂ ಇರುವ ವಿಮಾನದ ರಿಸರ್ವೇಶನ್. ಇದರ ಜೊತೆ ನಿಮ್ಮ ಪಾಸ್‌ಪೋರ್ಟ್, 35x45 ಮಿಲಿಮೀಟರ್ ಫೋಟೋ, ತುಂಬಿದ ಅರ್ಜಿ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟಿದ್ದಾಗಿರಲಿ, ವಾಪಸ್ ಬರುವ ದಿನದಿಂದ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಲಿ, ಎರಡು ಖಾಲಿ ಪುಟ ಇರಲಿ. ಹಿಂದಿನ 59 ತಿಂಗಳೊಳಗೆ ಷೆಂಗೆನ್ ವೀಸಾಗೆ ಬೆರಳಚ್ಚು ಕೊಟ್ಟಿದ್ದರೆ ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ.

ಮದುವೆ ಪ್ರಮಾಣಪತ್ರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಲಗ್ನಪತ್ರಿಕೆ, ಛತ್ರದ ರಸೀದಿ, ದೇವಸ್ಥಾನದವರು ಕೊಟ್ಟ ಚೀಟಿ ಇವನ್ನು ನಂಬಿಕೊಳ್ಳಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಪ್ರಮಾಣಪತ್ರವೇ ಇರಲಿ. ವಿಶೇಷ ವಿವಾಹ ಕಾಯ್ದೆ, 1954ರ ಪ್ರಕಾರ ಮದುವೆಯಾಗುವವರು 30 ದಿನದ ನೋಟಿಸ್ ಅವಧಿ ಕಾಯಬೇಕು. ಹಾಗಾಗಿ ಮದುವೆಯಾದ ಕೂಡಲೇ ಹನಿಮೂನ್‌ಗೆ ಹಾರುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಪ್ರಮಾಣಪತ್ರ ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷಿಗೋ ಆ ದೇಶದ ಭಾಷೆಗೋ ಅನುವಾದ ಮಾಡಿಸಿ. ಆಮೇಲೆ ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶಗಳೂ ಒಪ್ಪುವ ಮುದ್ರೆ. ಭಾರತ 2005ರಿಂದ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿದೆ, ವಿದೇಶಾಂಗ ಸಚಿವಾಲಯ ಈ ಮುದ್ರೆ ಹಾಕುತ್ತದೆ, ಅದಕ್ಕೂ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಬೇಕಾಗುತ್ತದೆ. ಎಲ್ಲ ಕಾನ್ಸುಲೇಟ್‌ಗಳೂ (ವೀಸಾ ಕೊಡುವ ಆಯಾ ದೇಶದ ಕಚೇರಿಗಳು) ಅಪೊಸ್ಟಿಲ್ ಕೇಳುವುದಿಲ್ಲ. ಆದರೂ ಒಂದು ಸಲ ಮಾಡಿಸಿಟ್ಟರೆ ಮುಂದೆ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ, ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಹೆಸರಿನದು ನಮ್ಮ ಕಡೆಯವರಿಗೇ ಇರುವ ತೊಂದರೆ. ಪ್ರಮಾಣಪತ್ರದಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು, ಕೊನೆಗೆ ಟಿಕೆಟ್ಟಿನಲ್ಲಿ ಮೂರನೇ ಥರ. ದೂರದ ಊರಿನಲ್ಲಿ ಕೂತು ಕಡತ ನೋಡುವ ಅಧಿಕಾರಿಗೆ ಇವೆಲ್ಲ ಒಬ್ಬರದೇ ಹೆಸರು ಅಂತ ಹೇಗೆ ಗೊತ್ತಾಗಬೇಕು? ಮದುವೆ ನೋಂದಣಿ ಮಾಡಿಸುವಾಗಲೇ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಅಕ್ಷರ ಅಕ್ಷರ ಬರೆಸಿ. ಈಗಾಗಲೇ ಬೇರೆ ಥರ ಆಗಿದ್ದರೆ, ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡಿ.

ಅರ್ಜಿ ನಮೂನೆಯಲ್ಲಿ ಕೆಲವು ಪ್ರಶ್ನೆಗಳ ಪಕ್ಕ ನಕ್ಷತ್ರದ ಗುರುತು ಇರುತ್ತದೆ. ಉದ್ಯೋಗ ಏನು, ಖರ್ಚು ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ ಉಳಿದುಕೊಳ್ಳುತ್ತೀರಿ ಇಂಥವು. ಯುರೋಪ್ ಪ್ರಜೆಯ ಕುಟುಂಬದವರು ಇವನ್ನು ತುಂಬಬೇಕಾಗಿಲ್ಲ ಅಂತ ನಮೂನೆಯೇ ಹೇಳುತ್ತದೆ. ಅವನ್ನು ಖಾಲಿ ಬಿಡಿ. ಬದಲಿಗೆ ಕುಟುಂಬದ ಯುರೋಪ್ ಪ್ರಜೆಯ ವಿವರ ಕೇಳುವ ಭಾಗವನ್ನು ತಪ್ಪದೇ ತುಂಬಿ. ಇದನ್ನು ಬಿಟ್ಟರೆ ನಿಮ್ಮ ಅರ್ಜಿಯನ್ನು ಸುಮ್ನೆ ಟೂರಿಸ್ಟ್ ಅರ್ಜಿ ಅಂತಲೇ ನೋಡುತ್ತಾರೆ.

ಇದರ ಮೇಲೆ ಸಂಗಾತಿ ಸಹಿ ಮಾಡಿದ ಒಂದು ಪುಟದ ಪತ್ರ ಇಡಿ. ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು ಸಾಕು: ನಾನು ಇಂಥ ದೇಶದ ಪ್ರಜೆ, ಇವರು ನನ್ನ ಹೆಂಡತಿ, ಇಂಥ ದಿನದಿಂದ ಇಂಥ ದಿನದವರೆಗೆ ಇಬ್ಬರೂ ಒಟ್ಟಿಗೆ ನಿಮ್ಮ ದೇಶಕ್ಕೆ ಬರುತ್ತಿದ್ದೇವೆ, ಡೈರೆಕ್ಟಿವ್ 2004/38/ಇಸಿಯ 5(2)ನೇ ವಿಧಿಯ ಪ್ರಕಾರ ಈ ಅರ್ಜಿಯನ್ನು ನೋಡಬೇಕು. ಬೇಡಿಕೊಳ್ಳುವ ಧಾಟಿ ಬೇಡ. ವಾಪಸ್ ಬರುತ್ತೇನೆ ಅಂತ ಸಾಬೀತು ಮಾಡುವ ಹೊರೆಯೂ ನಿಮ್ಮ ಮೇಲಿಲ್ಲ. ಆಸ್ತಿ ಪತ್ರ, ಸಂಬಳದ ಚೀಟಿ ಸೇರಿಸಬೇಡಿ. ಸೇರಿಸಿದಷ್ಟೂ ಅವರು ಅದನ್ನೇ ತೂಗಿ ನೋಡುತ್ತಾರೆ. ಇನ್ಶೂರೆನ್ಸ್ ಮಾತ್ರ ನಿಮ್ಮ ಆರೋಗ್ಯದ ಸಲುವಾಗಿ ಮಾಡಿಸಿಕೊಳ್ಳಿ, ಕಡತದಲ್ಲಿ ಇಡಬೇಕಾಗಿಲ್ಲ.

ಯಾವ ದೇಶಕ್ಕೆ ಅರ್ಜಿ? ಜಾಸ್ತಿ ದಿನ ಇರುವ ದೇಶಕ್ಕೆ. ಎರಡು ಕಡೆ ಸಮಾನ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಷೆಂಗೆನ್‌ನಲ್ಲಿ ಈಗ 29 ದೇಶಗಳಿವೆ. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿಯಲ್ಲಿ ಪೂರ್ತಿ ಒಳಗೆ ಬಂದವು. ಐರ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ, ಅದಕ್ಕೆ ಬೇರೆ ವೀಸಾ ಬೇಕು, ಆದರೆ ಈ ಡೈರೆಕ್ಟಿವ್ ಅಲ್ಲೂ ನಡೆಯುತ್ತದೆ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಸಾಮಾನ್ಯ ಅರ್ಜಿಗೆ 15 ದಿನದ ಗಡುವು, ನಿಮ್ಮದು ಅದಕ್ಕಿಂತ ಬೇಗ ಆಗಬೇಕು. ಬೇಸಿಗೆ ರಜೆಯಲ್ಲಿ ಹೋಗುವವರು ಆದಷ್ಟು ಮೊದಲೇ ಹಾಕಿ, ಆಗ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ಬಹಳಷ್ಟು ದೇಶಗಳು ಅರ್ಜಿ ತಗೊಳ್ಳುವ ಕೆಲಸವನ್ನು ಖಾಸಗಿ ವೀಸಾ ಕೇಂದ್ರಗಳಿಗೆ ಕೊಟ್ಟಿವೆ. ಅಲ್ಲಿ ಸರ್ವಿಸ್ ಚಾರ್ಜ್ ಇರುತ್ತದೆ. ಯುರೋಪಿಯನ್ ಕಮಿಷನ್‌ನ ಕೈಪಿಡಿ ಪ್ರಕಾರ ಕುಟುಂಬದವರು ಖರ್ಚಿಲ್ಲದೇ ನೇರವಾಗಿ ಕಾನ್ಸುಲೇಟಿನಲ್ಲೇ ಅರ್ಜಿ ಕೊಡಲು ಅವಕಾಶ ಇರಬೇಕು. ಆದ್ದರಿಂದ ಮೊದಲು ಕಾನ್ಸುಲೇಟ್‌ಗೆ ಇಮೇಲ್ ಬರೆದು ಕೇಳಿ, ಉತ್ತರ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಹಾಗಂತ ಇದಕ್ಕೋಸ್ಕರ ದೆಹಲಿಗೆ ಓಡುವುದು ಲಾಭವಲ್ಲ. ಕಾನ್ಸುಲೇಟ್ ಬೆಂಗಳೂರಿನಲ್ಲಿ ಇಲ್ಲದಿದ್ದರೆ ಸರ್ವಿಸ್ ಚಾರ್ಜ್ ಕೊಟ್ಟು ಇಲ್ಲಿನ ಕೇಂದ್ರದಲ್ಲೇ ಕೊಡುವುದು ಒಳ್ಳೆಯದು, ಬಸ್ಸು, ವಿಮಾನದ ಖರ್ಚಿಗಿಂತ ಅದೇ ಕಡಿಮೆ. ಆದರೆ ವೀಸಾ ಶುಲ್ಕದ 90 ಯೂರೋ ಮಾತ್ರ ಅಲ್ಲೂ ಕಟ್ಟಬೇಡಿ.

ಕೌಂಟರಿನವರು ತಮ್ಮ ಪಟ್ಟಿ ಹಿಡಿದು ಹೋಟೆಲ್ ಬುಕಿಂಗ್ ಎಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಿ ಅಂತ ಕೇಳಬಹುದು. ಜಗಳ ಬೇಡ. ವೀಸಾ ಕೊಡುವ, ಬಿಡುವ ಅಧಿಕಾರ ಅವರದಲ್ಲ. ಪತ್ರ ತೋರಿಸಿ, ಕುಟುಂಬ ಸದಸ್ಯರ ಅರ್ಜಿ, ಹೀಗೇ ಕಾನ್ಸುಲೇಟ್‌ಗೆ ಕಳಿಸಿ ಅಂತ ಸಮಾಧಾನವಾಗಿ ಹೇಳಿ. ದಾಖಲೆ ಕಡಿಮೆ ಇದೆ ಅನ್ನುವ ಚೀಟಿಗೆ ಸಹಿ ಕೇಳಿದರೆ, ಡೈರೆಕ್ಟಿವ್ ಪ್ರಕಾರ ಇವು ಬೇಕಾಗಿಲ್ಲ ಅಂತ ಕೈಬರಹದಲ್ಲಿ ಬರೆದೇ ಸಹಿ ಹಾಕಿ.

ವೀಸಾ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಮೇಲ್ಮನವಿಗೂ ಅವಕಾಶ ಇದೆ. ಸಾರ್ವಜನಿಕ ಭದ್ರತೆ, ಸುವ್ಯವಸ್ಥೆ, ಆರೋಗ್ಯ, ನಕಲಿ ಮದುವೆಯಂಥ ಮೋಸ, ಇಲ್ಲವೇ ನೀವು ಕುಟುಂಬ ಸದಸ್ಯರು ಅಂತ ತೋರಿಸಲು ಆಗದಿದ್ದದ್ದು, ಇಂಥ ಕಾರಣಗಳಿಗೆ ಮಾತ್ರ ನಿರಾಕರಿಸಬಹುದು. ಹಣ ಸಾಲದು, ವಾಪಸ್ ಬರುವ ನಂಬಿಕೆ ಇಲ್ಲ ಅಂತ ಬರೆದಿದ್ದರೆ ನಿಮ್ಮ ಅರ್ಜಿಯನ್ನು ಬೇರೆ ಸಾಲಿನಲ್ಲಿ ಇಟ್ಟು ನೋಡಿದ್ದಾರೆ ಅಂತಲೇ ಅರ್ಥ. ಆಗ ಸಂಗಾತಿ ಸಾಲ್ವಿಟ್‌ಗೆ ದೂರು ಕೊಡಲಿ. ಒಕ್ಕೂಟದ ಪ್ರಜೆಗಳಿಗೆ ಇನ್ನೊಂದು ದೇಶದ ಸರ್ಕಾರಿ ಕಚೇರಿಯಿಂದ ತೊಂದರೆಯಾದಾಗ ಉಚಿತವಾಗಿ ನೆರವಾಗುವ ವ್ಯವಸ್ಥೆ ಅದು, ಆನ್‌ಲೈನ್‌ನಲ್ಲೇ ಬರೆಯಬಹುದು. ಆದರೆ ಸಾಲ್ವಿಟ್‌ಗೆ ಬರೆದ ಮಾತ್ರಕ್ಕೆ ಮೇಲ್ಮನವಿಯ ಗಡುವು ನಿಲ್ಲುವುದಿಲ್ಲ. ನಿರಾಕರಣೆ ಪತ್ರದಲ್ಲಿ ಎಷ್ಟು ದಿನ ಕೊಟ್ಟಿದ್ದಾರೆ ನೋಡಿ, ಅಷ್ಟರೊಳಗೆ ಮೇಲ್ಮನವಿಯನ್ನೂ ಹಾಕಿಬಿಡಿ.