ಅಳತೆಗೆ ನಿಂತವರು, ಆಯ್ಕೆ ಮಾಡಿದವರು

ಪರಂಪರೆ ಮತ್ತು ಹೆಣ್ತನವನ್ನು ಕುರಿತ ಭಾವಚಿತ್ರಗಳ ಸರಣಿಗೆ ತೊಡಗುವ ಮುನ್ನ, ಹೆಣ್ಣನ್ನು ಕ್ಯಾಮೆರಾ ಈವರೆಗೆ ಹೇಗೆ ಕಂಡಿದೆ ಎಂಬುದನ್ನು ನೋಡುತ್ತಾ ಕುಳಿತೆ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ, ಬ್ರಿಟಿಷ್ ಆಡಳಿತದ ಫೋಟೋ ಗ್ರಂಥ ‘ದಿ ಪೀಪಲ್ ಆಫ್ ಇಂಡಿಯಾ’ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ತೋರಿಸಿತು. 1869ರಲ್ಲಿ ಬ್ರಿಟನ್ನಿನ ಜನಾಂಗ ಅಧ್ಯಯನಕಾರ ಜಾನ್ ಲ್ಯಾಂಪ್ರೇ, ಎರಡಂಗುಲದ ಚೌಕಗಳ ಜಾಲರಿಯ ಮುಂದೆ ಮನುಷ್ಯರನ್ನು ನಿಲ್ಲಿಸಿ ಅಳೆಯುವ ವಿಧಾನವನ್ನು ವಿವರಿಸಿದ. ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000–2004ರ ನಡುವೆ ರೂಪಿಸಿದ ಸರಣಿಯಲ್ಲಿ ಅಂಥದೇ ಚೌಕಗಳ ಮುಂದೆ ತಾವೇ ನಿಂತರು. ಅಳೆಯಿಸಿಕೊಳ್ಳುವವಳೇ ಇಡೀ ದೃಶ್ಯವನ್ನು ಕಟ್ಟಬಲ್ಲಳು ಎಂಬ ಆ ದಿಟ್ಟತನದಿಂದ ನನ್ನ ಕೆಲಸಕ್ಕೆ ದಾರಿ ಸಿಕ್ಕಿತು.

ಚಿತ್ರಕ್ಕೆ ಕೂರುವ ಪ್ರತಿಯೊಬ್ಬರನ್ನೂ ಅವರ ಮನೆತನದಿಂದ ಬಂದ ಒಂದು ವಸ್ತುವನ್ನು ತರುವಂತೆ ಕೇಳಿದೆ. ಅದನ್ನು ಎಲ್ಲಿಡಬೇಕೆಂದು ಮಾತ್ರ ಹೇಳಲಿಲ್ಲ. ಅಜ್ಜಿಯ ಸೀರೆಯನ್ನು ತಂದ ಒಬ್ಬರು ಅದನ್ನು ಉಡದೆ, ಪಕ್ಕದ ಕುರ್ಚಿಯ ಮೇಲೆ ಹಾಸಿ, ತಮ್ಮ ಕೆಲಸದ ಉಡುಪಿನಲ್ಲೇ ಕುಳಿತರು. ನಾನು ಎಷ್ಟು ಯೋಚಿಸಿದ್ದರೂ ಆ ವಿನ್ಯಾಸ ನನಗೆ ಹೊಳೆಯುತ್ತಿರಲಿಲ್ಲ.

ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ಟ್ರೈಪಾಡ್ ಮೇಲೆ ನಿಲ್ಲಿಸಿ, ಲ್ಯಾಪ್‌ಟಾಪ್ ಪರದೆಯನ್ನು ಅವರತ್ತ ತಿರುಗಿಸಿ, ಚಿತ್ರ ಕ್ಲಿಕ್ಕಿಸುವ ರಿಮೋಟನ್ನು ಅವರ ಕೈಗೇ ಕೊಡುತ್ತಿದ್ದೆ. ಕಿಟಕಿಯ ಪಕ್ಕದ ಬೆಳಕು, 50 ಮಿ.ಮೀ. ಲೆನ್ಸ್ ಇಷ್ಟೇ ಸಾಕಾಯಿತು. ಹಿನ್ನೆಲೆಯನ್ನು ಮಸುಕಾಗಿಸುವುದು ಇಂದಿನ ಭಾವಚಿತ್ರಗಳ ರೂಢಿಯಾದರೂ, ಆಕೆ ಬದುಕುವ ಕೋಣೆ ಮತ್ತು ಬಟ್ಟೆಯ ನೇಯ್ಗೆ ಓದುವಷ್ಟು ನಿಚ್ಚಳವಾಗಿರಲೆಂದು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಕಿರಿದಾಗಿಸಿ ಎಫ್/8ರಲ್ಲಿ ಇಟ್ಟೆ. ಹಳೆಯ ಫೋಟೋಗಳ ಕಂದು ಬಣ್ಣದ ಸೆಪಿಯಾ ಛಾಯೆಯನ್ನಂತೂ ಬೇಕೆಂದೇ ದೂರವಿಟ್ಟೆ, ಏಕೆಂದರೆ ಅದು ಎದುರಿಗೆ ಕುಳಿತ ಹೆಂಗಸನ್ನು ಒಂದೇ ಏಟಿಗೆ ಗತಕಾಲಕ್ಕೆ ತಳ್ಳಿಬಿಡುತ್ತದೆ. ಬೂದು ಕಾರ್ಡ್ ಇಟ್ಟು ಬಣ್ಣ ಸರಿಪಡಿಸಿದ್ದರಿಂದ ಮಾಸಿದ ಕೆಂಪು ಮಾಸಿದ ಕೆಂಪಾಗಿಯೇ ಉಳಿಯಿತು.

ಯಾವ ಚಿತ್ರ ಉಳಿಯಬೇಕೆಂಬ ಆಯ್ಕೆ ಅವರದು, ಅಡಿಬರಹದ ಮಾತೂ ಅವರದೇ. ನನಗೆ ಮೆಚ್ಚಿಗೆಯಾದ ಹಲವು ಚಿತ್ರಗಳು ಹೀಗೆ ಕೈಬಿಟ್ಟುಹೋದವು, ಸ್ವಲ್ಪ ಸಂಕಟವೂ ಆಯಿತು. ಹೆಸರು ಬೇಡವೆಂದವರ ಚಿತ್ರದಡಿ ಊರನ್ನಾಗಲಿ ಜಾತಿಯನ್ನಾಗಲಿ ತುಂಬದೆ ಜಾಗವನ್ನು ಖಾಲಿ ಬಿಟ್ಟೆ. ಗೋಡೆಯ ಮೇಲಿನ ಪ್ರದರ್ಶನಕ್ಕೆ ಒಪ್ಪಿದವರು ಅಂತರ್ಜಾಲಕ್ಕೆ ಒಪ್ಪಬೇಕೆಂದಿಲ್ಲವಾದ್ದರಿಂದ, ಅನುಮತಿ ಪತ್ರದಲ್ಲಿ ಅವೆರಡಕ್ಕೂ ಬೇರೆ ಬೇರೆ ಸಹಿ ಪಡೆಯುತ್ತೇನೆ.