ಬಂಗುಡೆ ಗಸಿಯ ಖಾರ: ನಮ್ಮ ಮನೆಯ ಲೆಕ್ಕ

ಗಸಿ, ಅಂದರೆ ಕಾಯಿ ಅರೆದು ಮಾಡುವ ದಪ್ಪ ಸಾರು, ಕೆಂಪಗೆ ಕಂಡ ಕೂಡಲೇ ಊರ ಹೊರಗಿನ ನೆಂಟರು ಹೆದರುತ್ತಾರೆ. ಆದರೆ ಆ ಬಣ್ಣ ಬ್ಯಾಡಗಿ ಮೆಣಸಿನದು, ಅದರಲ್ಲಿ ಖಾರ ಕಡಿಮೆ. ಖಾರಕ್ಕೆಂದೇ ನಾನು ಗಿಡ್ಡ ಮೆಣಸು ಬೇರೆ ಹಾಕುತ್ತೇನೆ. ಮಂಗಳೂರಿನ ನಮ್ಮ ಮನೆಯಲ್ಲಿ 6 ಬಂಗುಡೆಗೆ 15 ಬ್ಯಾಡಗಿ, 4 ಗಿಡ್ಡ. ಮಕ್ಕಳಿಗೂ ಬಡಿಸುವ ದಿನ ಗಿಡ್ಡ ಹಾಕುವುದಿಲ್ಲ. ಬಣ್ಣ ಅಷ್ಟೇ ಇರುತ್ತದೆ.

ಮೆಣಸನ್ನು ಒಂದೆರಡು ಹನಿ ತೆಂಗಿನೆಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಗರಿಗರಿ ಹುರಿಯಬೇಕು. ಕಪ್ಪಾದರೆ ಇಡೀ ಗಸಿ ಕಹಿ. ಅದೇ ಬಾಣಲೆಯಲ್ಲಿ 2 ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಚಿಟಿಕೆ ಮೆಂತೆ, 10 ಕಾಳುಮೆಣಸು. ಒಂದು ಕಡಿ (ಅರ್ಧ) ತೆಂಗಿನಕಾಯಿಯ ತುರಿ, ಹುಳಿ, ಅರಸಿನ, ಬೆಳ್ಳುಳ್ಳಿ ಸೇರಿಸಿ ಬೆಣ್ಣೆಯಷ್ಟು ನುಣ್ಣಗೆ ಕಡೆಯುವುದು. ಮಣ್ಣಿನ ಬಿಸಲೆಯಲ್ಲಿ ಮಸಾಲೆ ಚೆನ್ನಾಗಿ ಕುದಿದ ಮೇಲೆಯೇ ಮೀನು. ಆಮೇಲೆ ಸೌಟು ಬೇಡ, ಬಿಸಲೆಯನ್ನೇ ಹಿಡಿದು ಅಲುಗಿಸಿದರೆ ಸಾಕು.

ಕಾಳುಮೆಣಸನ್ನು ನಾನು ಎಂದೂ ಬಿಡುವುದಿಲ್ಲ. ಅರಸಿನದ ಕರ್ಕ್ಯುಮಿನ್ ಮೈಗೆ ಸುಲಭವಾಗಿ ಹತ್ತದು. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲೇ ತೋರಿಸಿದ್ದಾರೆ. ಅವರು ಕೊಟ್ಟದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅಡುಗೆಯ ಅರಸಿನದಲ್ಲಿ ಅಷ್ಟು ಸಿಗುವುದಿಲ್ಲ. ಹಾಗಾಗಿ ಗಸಿಯನ್ನು ಮದ್ದು ಎನ್ನಲಾರೆ. ಬಂಗುಡೆಯ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಮಾತ್ರ ಧಾರಾಳವಾಗಿ ಸಿಗುತ್ತದೆ.

ಖಾರ ತಿಂದರೆ ಹೊಟ್ಟೆಹುಣ್ಣು ಎನ್ನುವ ಮಾತು ಇನ್ನೂ ಹೋಗಿಲ್ಲ. ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಕೆಲವು ನೋವಿನ ಮಾತ್ರೆಗಳು. ಆ ಬ್ಯಾಕ್ಟೀರಿಯಾ ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಆದರೆ ಎದೆಯುರಿ ಇರುವವರಿಗೆ ಖಾರ ಉರಿ ಹೆಚ್ಚಿಸಬಹುದು. ಅಂಥವರಿಗೆ ಒತ್ತಾಯ ಮಾಡಿ ಬಡಿಸಬೇಡಿ.

ಬಾಯಿ ಉರಿದಾಗ ನೀರು ಕುಡಿದು ಪ್ರಯೋಜನವಿಲ್ಲ. ಮೆಣಸಿನ ಕ್ಯಾಪ್ಸೈಸಿನ್ ಕರಗುವುದು ಕೊಬ್ಬಿನಲ್ಲಿ. ಮೀನಿನೂಟಕ್ಕೆ ಮೊಸರು ನಮ್ಮ ಮನೆಯಲ್ಲಿ ಇಲ್ಲ. ಖಾರ ಹೆಚ್ಚಾದವರ ಬಟ್ಟಲಿಗೆ ಎರಡು ಚಮಚ ದಪ್ಪ ಕಾಯಿಹಾಲು ಬಿಡುತ್ತೇನೆ, ಜೊತೆಗೆ ಇನ್ನೊಂದು ಸೌಟು ಕುಚ್ಚಲಕ್ಕಿ ಅನ್ನ.

ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಹಸಿ ಬಂಗುಡೆ ದುಬಾರಿ. ಆಗ ಹುಳಿ ಅರ್ಧಕ್ಕೆ ಇಳಿಸಿ, ಕೊನೆಗೆ ಕಾಯಿಹಾಲು ಸೇರಿಸಿ ಇದೇ ಮಸಾಲೆಯಲ್ಲಿ ಕೋಳಿ ಮಾಡಿ, ಗರಿಗರಿ ರೊಟ್ಟಿಯ ಮೇಲೆ ಬಿಸಿಯಾಗಿ ಸುರಿಯಿರಿ.