ರಸ್ತೆಬದಿಯ ಮರ ವಾಲಿದರೆ ಯಾರಿಗೆ ಹೇಳುವುದು?

ಮಂಗಳೂರಿನ ಕದ್ರಿಯ ನಮ್ಮ ಅಡ್ಡರಸ್ತೆಯಲ್ಲಿ ಹಳೆಯ ಗುಲ್‌ಮೊಹರ್ ಮರವೊಂದು ರಸ್ತೆಯ ಕಡೆಗೆ ವಾಲಿತ್ತು. ಬುಡದಲ್ಲಿ ಅಣಬೆ ಎದ್ದಿತ್ತು. ಒಳಗೆ ಕೊಳೆಯುತ್ತಿರುವುದರ ಲಕ್ಷಣ ಅದು. ಒಂದು ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿತ್ತು. ಮಳೆಗಾಲ ಹತ್ತಿರವಾಗಿತ್ತು. “ಬಿದ್ದ ಮೇಲೆ ಯಾರಾದರೂ ಬಂದೇ ಬರುತ್ತಾರೆ ಮಾರಾಯರೇ” ಎಂದರು ಎದುರಿನ ಅಂಗಡಿಯವರು.

ಮೊದಲು ಹೋದ ಕಚೇರಿಯಲ್ಲಿ ಇನ್ನೊಂದು ಕಚೇರಿಯತ್ತ ಕೈ ತೋರಿಸಿದರು, ಅಲ್ಲಿಂದ ಮತ್ತೊಂದಕ್ಕೆ. ಗಂಟು ಬಿಡಿಸಿದ್ದು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976. ರಸ್ತೆ ಪಾಲಿಕೆಯದಾದರೂ ಅದರ ಬದಿಯ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಹೊಣೆ ಅರಣ್ಯ ಇಲಾಖೆಯ ಅಧಿಕಾರಿಯದು. ಕೊಂಬೆ ಸವರುವುದಕ್ಕೂ ಅದೇ ನಿಯಮ. ಊರವರೇ ಕತ್ತಿ ಹಿಡಿದು ಹೊರಡುವಂತಿಲ್ಲ. (ತೆಂಗಿನ ಮರಕ್ಕೆ ವಿನಾಯಿತಿ ಇದೆ, ಇಲ್ಲದಿದ್ದರೆ ಕರಾವಳಿಯವರ ಗತಿ ಏನಾಗುತ್ತಿತ್ತೋ!)

ಹಾಗಾಗಿ ದೂರನ್ನು ಎರಡು ಭಾಗ ಮಾಡಿದೆ. ತಂತಿಗೆ ತಾಗಿದ ಕೊಂಬೆಯ ಬಗ್ಗೆ ವಿದ್ಯುತ್ ಕಂಪನಿ ಮೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿದೆ. ಮರದ ಬಗ್ಗೆ ಪಾಲಿಕೆಗೂ ಅರಣ್ಯ ಇಲಾಖೆಗೂ ಒಂದೇ ಅರ್ಜಿ ಕೊಟ್ಟು, ಇನ್ನೊಬ್ಬರಿಗೂ ಪ್ರತಿ ಹೋಗಿದೆ ಎಂದು ಕೆಳಗೆ ನಮೂದಿಸಿದೆ. ಬುಡದ ಫೋಟೊ, ವಾರ್ಡ್, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಸೇರಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. “ಮರ ಕಡಿಯಿರಿ” ಎಂದು ಬರೆಯಲಿಲ್ಲ. “ಸ್ಥಳ ಪರಿಶೀಲಿಸಿ ಅಪಾಯ ನಿವಾರಿಸಿ” ಎಂದು ಬರೆದೆ. ಕಡಿಯಬೇಕೇ ಬೇಡವೇ ಎಂಬುದನ್ನು ತಿಳಿದವರು ನಿರ್ಧರಿಸಲಿ.

ಕೊಂಬೆ ಬೇಗನೆ ಹೋಯಿತು. ಪರಿಶೀಲನೆಗೆ ಬಂದವರು ಕಾಂಡ ತಟ್ಟಿ ನೋಡಿ, ಟೊಳ್ಳು ಎಂದರು. ಮಳೆ ಜೋರಾಗುವ ಮೊದಲೇ ಮರ ತೆರವಾಯಿತು. ಬದಲಿಗೆ ಯಾವ ಸಸಿ ನೆಡಬೇಕೆಂಬ ಚರ್ಚೆ ನಡೆದಿದೆ. ನನ್ನ ಮತ ಹೊಂಗೆಗೆ.